ಕ್ಯಾಮರಾ ಕಟ್ಟೆ: ಎರಡೇ ಸೆಕೆಂಡಿಗೆ ಸೀರೆ ಬಣ್ಣ ಬದಲಾಗೋದ್ಯಾಕೆ?

ಈ ಸಲದ ಪ್ರಶ್ನೆಗಳನ್ನ ಡೊಂಬಿವ್ಲಿ ಫಾಸ್ಟ್ ಲೋಕಲ್ ಟ್ರೈನಲ್ಲಿ ನಿಂತ್ಕೊಂಡೇ ಓದಿದೆ, ಕೂರೋಕೆ ಜಾಗ ಎಲ್ಲಿ ಸಿಗುತ್ತೆ ಬಿಡಿ. ಥಾಣೆ ಬರೋ ಹೊತ್ತಿಗೆ ಗೊತ್ತಾಯ್ತು, ಊರು ಬೇರೆ ಕ್ಯಾಮರಾ ಬೇರೆ ಆದ್ರೂ ಎಲ್ಲರ ಗೋಳು ಒಂದೇ: ರಾ ಫೈಲ್ (ಕ್ಯಾಮರಾ ಹಿಡಿದಿಟ್ಟ ಕಚ್ಚಾ ಲೆಕ್ಕ) ಕಂಪ್ಯೂಟರಿಗೆ ಹಾಕಿದ ಕೂಡ್ಲೇ ಬಣ್ಣ ಕೆಡುತ್ತೆ ಅಂತ. ಹಾಗಾಗಿ ಲೆನ್ಸು, ಟ್ರೈಪಾಡು, ಡ್ರೋನಿನ ಪ್ರಶ್ನೆ ಕಳಿಸಿದವರು ಮುಂದಿನ ತಿಂಗಳವರೆಗೆ ಕಾಯ್ಬೇಕು, ಇವತ್ತು ಬರೀ ಬಣ್ಣದ ಮಾತು.

ಪ್ರಶ್ನೆ: ಸರ್ ನಮಸ್ಕಾರ್ರಿ. ನಮ್ಮದು ಬಾಗಲಕೋಟಿ ಕಡೆ, ಪುಣೆಕ ಬಂದು ಹನ್ನೆರಡ ವರ್ಷ ಆತು. ಕೊಥ್ರೂಡ್‌ದಾಗ ಮನಿಯಿಂದನ ಇಳಕಲ್ ಸೀರಿ ಆನ್‌ಲೈನ್ ಮಾರ್ತೀನಿ, ಫೋಟೋನೂ ನಾನ ತಗೀತೀನಿ. ರಾ ಒಳಗ ತಗದು ಅಡೋಬಿ ಕಂಪನಿದು ಫೋಟೋ ತಿದ್ದೋ ಸಾಫ್ಟ್‌ವೇರ್ ಲೈಟ್‌ರೂಮ್‌ದಾಗ ತೆರದ್ರ ಮೊದಲ ಒಂದೆರಡು ಸೆಕೆಂಡ್ ಬಣ್ಣ ಬರೋಬರಿ ಕಾಣ್ತೈತಿ, ಆಮ್ಯಾಲ ಕಣ್ಮುಂದನ ಬದಲಾಗಿಬಿಡ್ತೈತಿ. ಗಿರಿಕುಂಕುಮ ಇದ್ದದ್ದು ಇಟ್ಟಂಗಿ ಬಣ್ಣ ಆಗ್ತೈತಿ, ಬದ್ನಿಕಾಯಿ ಬಣ್ಣದ ಸೀರಿ ಅಂತೂ ನೀಲಿನ ಆಗಿಬಿಡ್ತೈತಿ. ಹ್ವಾದ ವಾರ ಒಬ್ಬಾಕಿ "ನಾ ಆರ್ಡರ್ ಮಾಡಿದ್ದು ನೀಲಿ, ಬಂದದ್ದು ಬದ್ನಿಕಾಯಿ" ಅಂತ ಸೀರಿ ವಾಪಸ್ ಕಳಿಸಿದ್ಲು. ಸಾಫ್ಟ್‌ವೇರ್‌ದಾಗಿನ ಪ್ರೊಫೈಲ್ ತಪ್ಪೈತೋ, ಕ್ಯಾಮರಾನ ತಪ್ಪೈತೋ? ಬ್ಯಾರೆ ಸಾಫ್ಟ್‌ವೇರ್ ಹಾಕ್ಕೊಳ್ಳೇನ್ರಿ?
(ಇಳಕಲ್ ಸೀರೆಯಾಕಿ, ಪುಣೆ)

ಉತ್ತರ: ಮೇಡಂ, ಆ ಮೊದಲ ಎರಡು ಸೆಕೆಂಡು ನೀವು ನೋಡಿದ್ದು ರಾ ಫೈಲೇ ಅಲ್ಲ. ರಾ ಫೈಲಿನ ಹೊಟ್ಟೆಯೊಳಗೆ ಕ್ಯಾಮರಾ ತಾನೇ ಮಾಡಿಟ್ಟ ಒಂದು ಜೆಪೆಗ್ (ತಯಾರಾದ ಮಾಮೂಲಿ ಫೋಟೋ) ಕೂತಿರುತ್ತೆ, ಕ್ಯಾಮರಾ ಹಿಂದಿನ ಸ್ಕ್ರೀನಲ್ಲಿ ಕಾಣೋದೂ ಅದೇ. ಲೈಟ್‌ರೂಮ್ ಮೊದಲು ಅದನ್ನ ತೋರಿಸಿ, ಒಳಗೊಳಗೆ ತನ್ನ ಲೆಕ್ಕ ಮುಗಿಸ್ಕೊಂಡು, ತನ್ನ ಪ್ರೊಫೈಲ್ ಪ್ರಕಾರ ಮಾಡಿದ ಚಿತ್ರವನ್ನ ಆ ಜಾಗಕ್ಕೆ ತಂದಿಡುತ್ತೆ. ನಿಮ್ಮ ಕಣ್ಮುಂದೆ ಬದಲಾಗೋದು ಇದೇ.

ಈಗ ಪ್ರೊಫೈಲ್ ಅಂದ್ರೇನು ಅಂತ. ಸೆನ್ಸರಿಗೆ, ಅಂದ್ರೆ ಕ್ಯಾಮರಾದೊಳಗೆ ಬೆಳಕು ಹಿಡಿಯೋ ಚಿಪ್‌ಗೆ, ನಿಜವಾಗ್ಲೂ ಬಣ್ಣ ಗೊತ್ತಿಲ್ಲ ಮಾರಾಯ್ರೇ, ಅದಕ್ಕೆ ಬೆಳಕು ಎಷ್ಟು ಬಿತ್ತು ಅನ್ನೋದಷ್ಟೇ ಗೊತ್ತು. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅನ್ನೋರಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ಜಾಲರಿಯನ್ನೇ ಇವತ್ತಿಗೂ ಹೆಚ್ಚಿನ ಕ್ಯಾಮರಾಗಳು ಹಾಕ್ಕೊಂಡಿರ್ತವೆ, ನಾಲ್ಕು ಚೌಕಕ್ಕೆ ಎರಡು ಹಸಿರು ಒಂದು ಕೆಂಪು ಒಂದು ನೀಲಿ ಗಾಜು. ಆ ಗಾಜಿನ ಹಿಂದೆ ಸಿಕ್ಕ ಮೂರು ಥರದ ಸಂಖ್ಯೆಗಳನ್ನ ನಮ್ಮ ಕಣ್ಣಿನ ಬಣ್ಣಕ್ಕೆ ತರ್ಜುಮೆ ಮಾಡೋದೇ ಪ್ರೊಫೈಲಿನ ಕೆಲಸ. ನಮ್ಮಜ್ಜಿ ಊರಿಂದ ಬಂದಾಗ ತರಕಾರಿ ಮಾರೋ ಭಾಜಿವಾಲಿ ಮರಾಠಿಯಲ್ಲಿ ಹೇಳಿದ್ದನ್ನ ನಾನೊಂದು ಥರ ಹೇಳ್ತಿದ್ದೆ, ನಮ್ಮಕ್ಕ ಇನ್ನೊಂದು ಥರ ಹೇಳ್ತಿದ್ಲು, ಇಬ್ರೂ ಸುಳ್ಳು ಹೇಳ್ತಿರ್ಲಿಲ್ಲ, ಆದ್ರೆ ಅಜ್ಜಿ ಸೊಂಟದ ಚೀಲದಿಂದ ಹೊರಗೆ ಬರೋ ದುಡ್ಡು ಮಾತ್ರ ಬದಲಾಗ್ತಿತ್ತು. ಕ್ಯಾಮರಾ ಕಂಪನಿಯದ್ದು ಒಂದು ತರ್ಜುಮೆ, ಅಡೋಬಿಯದ್ದು ಇನ್ನೊಂದು.

ಹಾಗಾಗಿ ಮೊದಲು ಒಂದು ನಿಮಿಷದ ಪರೀಕ್ಷೆ ಮಾಡಿ. ಲೈಟ್‌ರೂಮ್‌ನ ಪ್ರೊಫೈಲ್ ಬ್ರೌಸರ್ ತೆಗೆದು, ಅಡೋಬಿ ಕಲರ್ ಅಂತ ಇರೋದನ್ನ ಬಿಟ್ಟು, ಕ್ಯಾಮರಾ ಮ್ಯಾಚಿಂಗ್ ಅನ್ನೋ ಗುಂಪಲ್ಲಿ ಕ್ಯಾಮರಾ ಸ್ಟ್ಯಾಂಡರ್ಡ್ ಇದ್ರೆ ಅದನ್ನ ಒತ್ತಿ. ಬಣ್ಣ ಆ ಮೊದಲ ಎರಡು ಸೆಕೆಂಡಿನ ಹತ್ತಿರ ಬಂತಾ? ಹಾಗಾದ್ರೆ ಅದು ತಪ್ಪಲ್ಲ, ರುಚಿ ವ್ಯತ್ಯಾಸ. ಪ್ರತಿ ಸಲ ಒತ್ತೋ ಕಿರಿಕಿರಿ ಬೇಡ ಅಂದ್ರೆ ಪ್ರಿಫರೆನ್ಸಸ್‌ನಲ್ಲಿ ರಾ ಡಿಫಾಲ್ಟ್ ಅನ್ನೋದನ್ನ ಕ್ಯಾಮರಾ ಸೆಟ್ಟಿಂಗ್ಸ್‌ಗೆ ಬದಲಾಯಿಸಿಬಿಡಿ. ನನಗೆ ಬರೋ ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಮುಗೀತವೆ.

ನಿಮ್ಮದು ಮುಗಿಯಲ್ಲ, ಯಾಕಂದ್ರೆ ಕ್ಯಾಮರಾ ಸ್ಕ್ರೀನೂ ಸತ್ಯ ಹೇಳ್ತಿದೆ ಅಂತ ನೀವು ನಂಬಿಬಿಟ್ಟಿದ್ದೀರಿ. ಕಂಪನಿಗಳು ಚರ್ಮ ಚೆನ್ನಾಗಿ ಕಾಣ್ಲಿ ಆಕಾಶ ನೀಲಿಯಾಗ್ಲಿ ಅಂತ ಬೇಕಂತಲೇ ಒಗ್ಗರಣೆ ಹಾಕಿರ್ತವೆ. ಸೀರೆ ಮಾರೋರಿಗೆ ಸಾಕ್ಷಿ ಒಂದೇ, ಕೈಯಲ್ಲಿರೋ ಸೀರೆ.

ಈಗ ಬದನೆಕಾಯಿಗೆ ಬರೋಣ, ಇದು ನಿಜಕ್ಕೂ ಮಜಾ ಇರೋ ಸಮಸ್ಯೆ. ಆ ಬಣ್ಣದ ಬಟ್ಟೆ ನಡುವಿನ ಹಸಿರು ಬೆಳಕನ್ನ ನುಂಗಿಬಿಟ್ಟು ನೀಲಿ ತುದಿಯನ್ನೂ ಕೆಂಪು ತುದಿಯನ್ನೂ ವಾಪಸ್ ಕಳಿಸುತ್ತೆ, ಕಣ್ಣು ಎರಡನ್ನೂ ಸೇರಿಸಿ ಬದನೆ ಅನ್ನುತ್ತೆ. ಆದ್ರೆ ಕ್ಯಾಮರಾ ಸೆನ್ಸರಿನ ಮೇಲೆ ಇನ್‌ಫ್ರಾರೆಡ್ ತಡೆಯೋಕೆ ಅಂತ ಇನ್ನೊಂದು ಗಾಜಿರುತ್ತೆ, ಅದು ಕಣ್ಣಿಗೆ ಕಾಣದ್ದರ ಜೊತೆಗೆ ಕಾಣೋ ಕಡುಗೆಂಪಿನ ಕೊನೇ ಭಾಗವನ್ನೂ ಸ್ವಲ್ಪ ಕಡಿದುಹಾಕುತ್ತೆ. ನಿಮ್ಮ ಸೀರೆಯ ಬಣ್ಣದಲ್ಲಿ ಕೆಂಪು ಆ ಕೊನೇ ಭಾಗದಲ್ಲೇ ಜಾಸ್ತಿ ಇದ್ರೆ ಕ್ಯಾಮರಾಕ್ಕೆ ಬರೀ ನೀಲಿ ಉಳೀತು ಅಂತ ಲೆಕ್ಕ. ಇನ್ನು ಪ್ರೊಫೈಲ್ ಎಷ್ಟು ಜಾಣ? ಅದರ ಬುಡದಲ್ಲಿರೋದು ಮೂರು ಸಾಲು ಮೂರು ಕಂಬದ ಕೋಷ್ಟಕ, ಒಟ್ಟು ಒಂಬತ್ತೇ ಒಂಬತ್ತು ಸಂಖ್ಯೆ. ಲೋಕದಲ್ಲಿರೋ ಎಲ್ಲ ಬಣ್ಣಕ್ಕೂ ಒಂಬತ್ತು ಸಂಖ್ಯೆಯಲ್ಲಿ ನ್ಯಾಯ ಕೊಡೋದು ಸಾಧ್ಯನಾ, ಚರ್ಮವನ್ನ ಸರಿ ಮಾಡೋಕೆ ಎಳೆದ್ರೆ ಬದನೆ ಜಾರುತ್ತೆ, ಬದನೆ ಎಳೆದ್ರೆ ಇನ್ನೊಂದು ಜಾರುತ್ತೆ. ಮೇಲೆ ತಿದ್ದುಪಡಿಯ ಪಟ್ಟಿ ಇರುತ್ತೆ ನಿಜ, ಆದ್ರೆ ಅದೂ ಯಾರೋ ಎಲ್ಲೋ ಅಳೆದ ಬಣ್ಣಗಳಿಗೆ, ಇಳಕಲ್ಲಿನ ಮಗ್ಗದಿಂದ ಬಂದ ನೂಲಿಗಲ್ಲ.

ಇನ್ನೊಂದು ವಿಷಯ ಬೆಳಕು. ನೀವೇ ಅಂಗಡಿಗೆ ಹೋದಾಗ ಬ್ಲೌಸ್ ಪೀಸನ್ನ ಟ್ಯೂಬ್‌ಲೈಟ್ ಕೆಳಗೆ ನೋಡಿ ಸುಮ್ನೆ ಬರ್ತೀರಾ? ಸೀರೆ ಸೆರಗು ಹಿಡ್ಕೊಂಡು ಬಾಗಿಲಿಗೆ ಬಂದು ಬಿಸಿಲಿಗೆ ಒಡ್ಡಿ ನೋಡ್ತೀರಿ. ಒಳಗೆ ಮ್ಯಾಚ್ ಆದದ್ದು ಹೊರಗೆ ಆಗಲ್ಲ ಅನ್ನೋದು ನಮ್ಮ ತಾಯಂದಿರಿಗೆಲ್ಲ ಗೊತ್ತಿದ್ದ ವಿದ್ಯೆ. ಅಡೋಬಿಯ ಪ್ರೊಫೈಲುಗಳನ್ನ ಸಾಮಾನ್ಯವಾಗಿ ಎರಡು ಬೆಳಕಿಗೆ ಕಟ್ಟಿರ್ತಾರೆ, ಒಂದು ಹಳೇ ಕಾಲದ ಬಲ್ಬಿನಂಥ 2856 ಕೆಲ್ವಿನ್ನಿದು (ಕೆಲ್ವಿನ್ ಅಂದ್ರೆ ಬೆಳಕಿನ ಬಣ್ಣದ ಅಳತೆ), ಇನ್ನೊಂದು ಹಗಲಿನಂಥ ಸುಮಾರು 6500ರದ್ದು, ನಡುವೆ ಏನೇ ಬಂದ್ರೂ ವೈಟ್ ಬ್ಯಾಲೆನ್ಸ್ (ಆ ಬೆಳಕಲ್ಲಿ ಬಿಳಿ ಬಿಳಿಯಾಗೇ ಕಾಣೋ ಲೆಕ್ಕ) ನೋಡ್ಕೊಂಡು ಎರಡನ್ನೂ ಬೆರೆಸಿ ಅಂದಾಜು ಹಾಕೋದು. ನಿಮ್ಮ ಮನೆಯ ಎಲ್‌ಇಡಿ ಇವೆರಡರ ಪೈಕಿ ಯಾವುದೂ ಅಲ್ಲ. ಅಗ್ಗದ ಎಲ್‌ಇಡಿಯಲ್ಲಿ ಕಡುಗೆಂಪು ಬೆಳಕೇ ಕಡಿಮೆ, ಡಬ್ಬಿ ಮೇಲೆ ಸಿಆರ್‌ಐ (ಬೆಳಕು ಬಣ್ಣವನ್ನ ಎಷ್ಟು ನಿಜವಾಗಿ ತೋರಿಸುತ್ತೆ ಅನ್ನೋ ಅಂಕ) 80 ಅಂತ ಹೆಮ್ಮೆಯಿಂದ ಬರೆದಿರ್ತಾರೆ, ಆದ್ರೆ ಆ ಸಂಖ್ಯೆ ಎಂಟು ತಿಳಿಬಣ್ಣಗಳ ಸರಾಸರಿ, ಕಡುಗೆಂಪು ಒಂಬತ್ತನೇದು, ಆರ್9 ಅಂತಾರೆ, ಅದು ಆ ಸರಾಸರಿಯೊಳಗೆ ಸೇರೋದೇ ಇಲ್ಲ. ಗಿರಿಕುಂಕುಮ ಇಟ್ಟಿಗೆ ಆಗೋಕೆ ನನ್ನ ಅನುಮಾನ ಮೊದಲು ಈ ಲೈಟ್ ಮೇಲೆ, ಆಮೇಲೆ ಪ್ರೊಫೈಲ್ ಮೇಲೆ.

ನೀವು ಮಾಡ್ಬೇಕಾದ್ದು ಇಷ್ಟು. ಬೆಳಿಗ್ಗೆ ಹತ್ತರ ಹೊತ್ತಿಗೆ, ನೇರ ಬಿಸಿಲು ಬೀಳದ ಕಿಟಕಿ ಪಕ್ಕ, ಮನೆ ಲೈಟೆಲ್ಲ ಆರಿಸಿ, ಸೀರೆ ಹಾಸಿ. ಕಲರ್ ಚೆಕ್ಕರ್ ಅನ್ನೋ 24 ಚೌಕದ ಚಾರ್ಟ್ ಸಿಗುತ್ತೆ, ಅದೂ 1976ರಿಂದ ಇರೋದೇ, ಈಗ ಕ್ಯಾಲಿಬ್ರೈಟ್ ಹೆಸರಲ್ಲಿ ಬರುತ್ತೆ. ಹೊಸದು ದುಬಾರಿ, ಪುಣೆಯಲ್ಲಿ ಬಾಡಿಗೆಗೆ ಲೆನ್ಸ್ ಕೊಡೋರ ಹತ್ರ ಕೇಳಿ ನೋಡಿ, ಒಂದು ದಿನಕ್ಕೆ ಸಾಕು. ಸೀರೆ ಇರೋ ಜಾಗದಲ್ಲೇ ಇಟ್ಟು ರಾದಲ್ಲಿ ಒಂದು ಫೋಟೋ, ಬಿಳಿ ಚೌಕ ಸುಟ್ಟು ಹೋಗದ ಹಾಗೆ. ಅದನ್ನ ಡಿಎನ್‌ಜಿ (ಅಡೋಬಿಯದೇ ರಾ ಫೈಲ್ ನಮೂನೆ) ಮಾಡಿ ಚಾರ್ಟ್ ಜೊತೆ ಬರೋ ಸಾಫ್ಟ್‌ವೇರಿಗೆ ಕೊಟ್ರೆ ಅದು ನಿಮ್ಮ ಕ್ಯಾಮರಾ, ನಿಮ್ಮ ಕಿಟಕಿ ಬೆಳಕು ಎರಡಕ್ಕೂ ಸೇರಿಸಿ ಒಂದು ಪ್ರೊಫೈಲ್ ಮಾಡಿಕೊಡುತ್ತೆ, ಲೈಟ್‌ರೂಮ್ ಮುಚ್ಚಿ ತೆರೆದ್ರೆ ಪಟ್ಟಿಯಲ್ಲಿ ಕಾಣುತ್ತೆ. ಚಾರ್ಟ್ ಹಿಡಿಯೋವಾಗ ಸುತ್ತಮುತ್ತ ನೋಡ್ಕೊಳ್ಳಿ. ಮಾಟುಂಗಾದ ಒಂದು ಹಾಲ್‌ನಲ್ಲಿ ಮದುವೆ ಫೋಟೋ ತೆಗೀತಿದ್ದಾಗ ನನ್ನ ಅಸಿಸ್ಟೆಂಟ್ ಹುಡುಗ ಚಾರ್ಟನ್ನ ನೆಲದ ಮೇಲಿಟ್ಟ, ಕೆಳಗೆ ಕೆಂಪು ಕಾರ್ಪೆಟ್, ಅದರ ಕೆಂಪು ಚಾರ್ಟಿನ ಅರ್ಧ ಭಾಗಕ್ಕೆ ಹೊಡೆದಿತ್ತು, ನಾನೂ ನೋಡ್ಲಿಲ್ಲ. ಆ ಪ್ರೊಫೈಲ್ ಕೆಂಪು ಜಾಸ್ತಿ ಇದೆ ಅಂದ್ಕೊಂಡು ಕೆಂಪನ್ನೇ ಹಿಂಡಿ ತೆಗೀತು, ಮದುಮಗಳಿಂದ ಹಿಡಿದು ಪುರೋಹಿತರ ತನಕ ಎಲ್ಲರಿಗೂ ಕಾಮಾಲೆ ಬಂದ ಹಾಗೆ ಆಯ್ತು. ಪುಣ್ಯಕ್ಕೆ ರಾ ಇತ್ತು, ಪ್ರೊಫೈಲ್ ಬಿಸಾಕಿ ಮತ್ತೆ ಮಾಡಿದೆ.

ಇಷ್ಟಾದ ಮೇಲೂ ಬದನೆ ನೂರಕ್ಕೆ ನೂರು ಬರಲ್ಲ, ಸೆನ್ಸರ್ ನೋಡದೇ ಇದ್ದದ್ದನ್ನ ಯಾವ ಪ್ರೊಫೈಲೂ ತಂದುಕೊಡಲ್ಲ. ಉಳಿದದ್ದನ್ನ ಸೀರೆ ಪಕ್ಕದಲ್ಲಿಟ್ಟುಕೊಂಡು ಕಲರ್ ಮಿಕ್ಸರಿನಲ್ಲಿ ನೀಲಿಯ ಹ್ಯೂ ಸ್ಲೈಡರನ್ನ ಪರ್ಪಲ್ ಕಡೆಗೆ ತಳ್ಳಿ, ಆ ಸೀರೆಗೆ ಅಂತಲೇ ಒಂದು ಪ್ರೀಸೆಟ್ ಮಾಡಿಟ್ಕೊಳ್ಳಿ. ಜೊತೆಗೆ ಒಂದು ಫೋಟೋದಲ್ಲಿ ಸೀರೆ ಮೇಲೆ ನಿಜವಾದ ಬದನೆಕಾಯಿ ಇಟ್ಟುಬಿಡಿ. ಅದೂ ನೀಲಿಯಾಗಿ ಕಂಡ್ರೆ ಕಾಣ್ಲಿ, ಕೊಳ್ಳೋರಿಗೆ ಬದನೆಕಾಯಿ ಯಾವ ಬಣ್ಣ ಅಂತ ಗೊತ್ತಲ್ಲ.

ಸಾಫ್ಟ್‌ವೇರ್ ಬದಲಿಸೋ ಪ್ರಶ್ನೆ. ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ, ಎರಡೂ ಒಳ್ಳೇವೇ. ಆದ್ರೆ ಬಣ್ಣ ಹೊಸದಾಗುತ್ತೆ ಅಂತ ಹೋಗ್ಬೇಡಿ. ಡೇವ್ ಕಾಫಿನ್ ಅನ್ನೋ ಪುಣ್ಯಾತ್ಮ 1997ರಲ್ಲಿ ಡಿಸಿರಾ ಅಂತ ಒಂದು ಪ್ರೋಗ್ರಾಂ ಬರೆಯೋಕೆ ಶುರು ಮಾಡಿದ್ರು, ಉಚಿತ ರಾ ಸಾಫ್ಟ್‌ವೇರುಗಳಲ್ಲಿ ಬಹುಪಾಲಿಗೆ ಅಜ್ಜ ಅದೇ, ಅದರೊಳಗಿನ ಆ ಒಂಬತ್ತು ಸಂಖ್ಯೆಗಳ ಪಟ್ಟಿ ಬಂದದ್ದು ಅಡೋಬಿಯಿಂದ, ಅವರೇ ಕೋಡಿನೊಳಗೆ ಅಡೋಬಿಗೆ ಥ್ಯಾಂಕ್ಸ್ ಬರೆದಿದ್ದಾರೆ. ಡಾರ್ಕ್‌ಟೇಬಲ್ಲಿನಲ್ಲೂ ಎಷ್ಟೋ ಕ್ಯಾಮರಾಗಳಿಗೆ ಮೂಲ ಅಲ್ಲಿಂದಲೇ. ಅಂಗಡಿ ಬದಲಾಯಿಸಿದ್ರಿ, ಹಿಟ್ಟು ಅದೇ ಗಿರಣಿಯದ್ದು.

ಪ್ರಶ್ನೆ: ಡೊಂಬಿವ್ಲಿಯಲ್ಲಿ ಯಕ್ಷಗಾನ ಇದ್ದಾಗೆಲ್ಲ ನಾನೇ ಫೋಟೋ ತೆಗೆಯುದು. ಮೊದಲೆಲ್ಲ ಹಳದಿ ಫೋಕಸ್ ಲೈಟ್ ಇತ್ತು, ಚಂದ ಬರ್ತಿತ್ತು. ಈಗ ಸ್ಟೇಜಿಗೆ ನೀಲಿ ಎಲ್‌ಇಡಿ ಹಾಕ್ತಾರೆ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟ ಮುಖದಲ್ಲಿ ಒಂದು ಗೆರೆ ಕಾಣುದಿಲ್ಲ, ನೀಲಿ ಮಸಿ ಮೆತ್ತಿದ ಹಾಗೆ, ಅಂಚಲ್ಲಿ ನೇರಳೆ ಕಲೆ ಬೇರೆ. ಪ್ರೊಫೈಲ್ ಹಾಳಾಗಿದಾ ಎಂತ ಕತೆ?

ಉತ್ತರ: ಪ್ರೊಫೈಲ್ ಹಾಳಾಗಿಲ್ಲ, ಅದಕ್ಕೆ ಕೊಡಬಾರದ ಲೆಕ್ಕ ಕೊಟ್ಟಿದ್ದೀರಿ. ನೀಲಿ ಎಲ್‌ಇಡಿಯ ಬೆಳಕು 450-460 ನ್ಯಾನೋಮೀಟರ್ ಆಸುಪಾಸಿನಲ್ಲಿ ಒಂದೇ ಚೂಪು ಕಂಬ, ಅದರಾಚೆ ಈಚೆ ಏನೂ ಇಲ್ಲ. ಕ್ಯಾಮರಾದ ನೀಲಿ ಚಾನೆಲ್ ತುಂಬಿ ತುಳುಕುತ್ತೆ, ಕೆಂಪು ಹಸಿರು ಹೆಚ್ಚುಕಮ್ಮಿ ಖಾಲಿ. ಆ ಒಂಬತ್ತು ಸಂಖ್ಯೆ ಹೇಳಿದ್ನಲ್ಲ, ಅದರಲ್ಲಿ ಕೆಲವು ಮೈನಸ್ ಇರ್ತವೆ, ಅಷ್ಟು ನೀಲಿಯಿಂದ ಗುಣಿಸಿ ಖಾಲಿ ಚಾನೆಲ್ಲಿಂದ ಕಳೆದ್ರೆ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಗುತ್ತೆ, ಅಂದ್ರೆ ಸ್ಕ್ರೀನಿಗೆ ತೋರಿಸೋಕೇ ಆಗದ ಬಣ್ಣ. ಸಾಫ್ಟ್‌ವೇರ್ ಅದನ್ನ ಕತ್ತರಿಸಿ ಎಲ್ಲೋ ಒಂದು ಕಡೆ ಕೂರಿಸುತ್ತೆ, ಗೆರೆ ಹೋಗೋದೂ ನೇರಳೆ ಕಲೆ ಬರೋದೂ ಅಲ್ಲೇ.

ಇಲ್ಲಿ ಚಾರ್ಟ್ ಏನೂ ಉಪಯೋಗಕ್ಕೆ ಬರಲ್ಲ, ನೀಲಿ ಲೈಟಲ್ಲಿ ಹಿಡಿದ್ರೆ 24 ಚೌಕವೂ ನೀಲಿಯೇ, ಅದರಿಂದ ಪ್ರೊಫೈಲ್ ಕಲಿಯೋದೇನು ಮಣ್ಣು. ತೆಗೆಯೋವಾಗಲೇ ಹುಷಾರಾಗಿರ್ಬೇಕು. ಕ್ಯಾಮರಾದಲ್ಲಿ ಬಿಳೀ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸೋ ನಕ್ಷೆ) ಒಂದನ್ನೇ ನೋಡ್ಬೇಡಿ, ಅದು ಸರಿ ಅಂತಲೇ ತೋರಿಸುತ್ತೆ, ಮೂರು ಬಣ್ಣದ್ದು ಬೇರೆ ಬೇರೆ ಬರೋ ಹಾಗೆ ಇಟ್ಕೊಂಡು ನೀಲಿ ಬಲತುದಿಗೆ ಅಂಟದ ಹಾಗೆ ಒಂದು ಸ್ಟಾಪ್ (ಅಂದ್ರೆ ಅರ್ಧದಷ್ಟು ಬೆಳಕು), ಬೇಕಾದ್ರೆ ಒಂದೂವರೆ, ಕಡಿಮೆ ತೆಗೀರಿ. ಎಡಿಟಿಂಗಲ್ಲಿ ವಿವಿಡ್ ಥರದ್ದು ಬಿಟ್ಟು ನ್ಯೂಟ್ರಲ್ ಪ್ರೊಫೈಲ್ ಹಾಕಿ, ಲೈಟ್‌ರೂಮ್ ಆದ್ರೆ ಕ್ಯಾಲಿಬ್ರೇಷನ್ ಪ್ಯಾನೆಲಲ್ಲಿ ಬ್ಲೂ ಪ್ರೈಮರಿಯ ಸ್ಯಾಚುರೇಶನ್ ಮೈನಸ್ಸಿಗೆ ಎಳೆಯುತ್ತಾ ಬನ್ನಿ, ಕಣ್ಣ ಮುಂದೆ ಗೆರೆಗಳು ಎದ್ದು ಬರ್ತವೆ, ನಾನು ಮೊದಲ ಸಲ ನೋಡಿದಾಗ ಭೂತ ಬಂದ ಹಾಗಾಯ್ತು. ಡಾರ್ಕ್‌ಟೇಬಲ್ಲಿನಲ್ಲಿ ಕಲರ್ ಕ್ಯಾಲಿಬ್ರೇಷನ್ ಮಾಡ್ಯೂಲಿನಲ್ಲಿ ಗ್ಯಾಮಟ್ ಕಂಪ್ರೆಷನ್ (ತೋರಿಸೋಕಾಗದ ಬಣ್ಣವನ್ನ ಒಳಗೆ ಒತ್ತೋದು) ಅಂತಿದೆ, ಅದನ್ನ ಏರಿಸಿ. ಇದಕ್ಕಿಂತ ಒಳ್ಳೇ ಉಪಾಯ ಲೈಟಿನವನಿಗೆ ಮೊದಲೇ ಒಂದು ಚಾ ಕುಡಿಸಿ ನೀಲಿ ಜೊತೆಗೆ ಸ್ವಲ್ಪ ಬಿಳಿ ಬೆರೆಸು ಅಂತ ಹೇಳೋದು. ಬಣ್ಣದ ವೇಷ ಕಟ್ಟೋಕೆ ಗಂಟೆಗಟ್ಟಲೆ ಕೂತವರ ಮುಖದ ಮೇಲೆ ಆ ನೀಲಿ ಸುರಿಯೋದು ನನಗಂತೂ ಸಹಿಸೋಕಾಗಲ್ಲ, ಅದು ಬೇರೆ ವಿಷಯ.

ಪ್ರಶ್ನೆ: ಸರ್, ನಾನು ಗೋವಾ ಮಡಗಾಂವ್‌ನಲ್ಲಿದ್ದೇನೆ, ಬೀಚ್ ಮದುವೆಗಳಿಗೆ ನಾನು ಮತ್ತು ನನ್ನ ತಮ್ಮ ಇಬ್ಬರೂ ಬೇರೆ ಬೇರೆ ಕಂಪನಿ ಕ್ಯಾಮರಾದಲ್ಲಿ ತೆಗೀತೇವೆ. ಎರಡಕ್ಕೂ ಒಂದೇ ಅಡೋಬಿ ಸ್ಟ್ಯಾಂಡರ್ಡ್ ಹಾಕಿದ್ರೂ ಮುಖ ಮ್ಯಾಚ್ ಆಗಲ್ಲ. ವರನ ಕಪ್ಪು ಸೂಟ್ ತಮ್ಮನ ಕ್ಯಾಮರಾದಲ್ಲಿ ಕಂದು ಬರುತ್ತೆ, ನನ್ನದರಲ್ಲಿ ಕಪ್ಪೇ.

ಉತ್ತರ: ಹೆಸರು ಒಂದೇ ಆದ್ರೂ ಒಂದೊಂದು ಮಾಡೆಲ್ಲಿಗೂ ಒಳಗಿನ ಅಳತೆ ಬೇರೆ. ಮುಖದ್ದು ಸುಲಭ, ಮದುವೆ ದಿನ ಬೆಳಿಗ್ಗೆ ಒಂದೇ ಚಾರ್ಟನ್ನ ಒಂದೇ ಜಾಗದಲ್ಲಿಟ್ಟು ಎರಡೂ ಕ್ಯಾಮರಾದಲ್ಲಿ ತೆಗೆದು ಎರಡು ಪ್ರೊಫೈಲ್ ಮಾಡಿ, ವೈಟ್ ಬ್ಯಾಲೆನ್ಸೂ ಅದೇ ಚಾರ್ಟಿನ ಬೂದು ಚೌಕದಿಂದ ತಗೊಳ್ಳಿ, ಸಾಕಷ್ಟು ಹತ್ತಿರ ಬರ್ತವೆ.

ಸೂಟ್ ಸರಿಯಾಗಲ್ಲ. ಸಿಂಥೆಟಿಕ್ ಕಪ್ಪು ಬಟ್ಟೆಗಳಲ್ಲಿ ಬಹಳಷ್ಟು ನಮ್ಮ ಕಣ್ಣಿಗೆ ಮಾತ್ರ ಕಪ್ಪು, ಇನ್‌ಫ್ರಾರೆಡ್ಡಿನಲ್ಲಿ ಹೊಳೀತವೆ, ತಮ್ಮನ ಕ್ಯಾಮರಾದ ತಡೆಗಾಜು ಸ್ವಲ್ಪ ಸಡಿಲ ಇರ್ಬೇಕು, ಅದನ್ನ ಒಳಗೆ ಬಿಡ್ತಿದೆ. 2006ರಲ್ಲಿ ಬಂದ ಲೈಕಾ ಎಂ8 ಅನ್ನೋ ಭಾರೀ ಬೆಲೆಯ ಕ್ಯಾಮರಾದಲ್ಲಿ ಇದೇ ಆಗಿ, ಕಪ್ಪು ಬಟ್ಟೆಯೆಲ್ಲ ನೇರಳೆ ಬಂದು, ಕಂಪನಿಯವರೇ ಕೊಂಡವರಿಗೆ ಲೆನ್ಸಿಗೆ ಹಾಕೋ ಫಿಲ್ಟರ್ ಪುಕ್ಕಟೆ ಕೊಡ್ಬೇಕಾಯ್ತು, ಹಾಗಾಗಿ ತಮ್ಮನನ್ನ ಬೈಬೇಡಿ. ಫೈಲೊಳಗೆ ಬಂದ ಕೆಂಪಲ್ಲಿ ಯಾವುದು ನಿಜದ್ದು ಯಾವುದು ಇನ್‌ಫ್ರಾರೆಡ್ದು ಅಂತ ಪ್ರೊಫೈಲಿಗೆ ತಿಳಿಯಲ್ಲ. ಲೆನ್ಸ್ ಮುಂದೆ ಐಆರ್ (ಇನ್‌ಫ್ರಾರೆಡ್) ಕಟ್ ಫಿಲ್ಟರ್ ಹಾಕಿ, ಇಲ್ಲಾಂದ್ರೆ ಸೂಟಿನ ಮೇಲೆ ಬ್ರಷ್ ಆಡಿಸಿ ಸ್ಯಾಚುರೇಶನ್ ಇಳಿಸಿ, ಇಲ್ಲಾಂದ್ರೆ ವರನ ಫೋಟೋ ನೀವೇ ತೆಗೀರಿ.

ಪ್ರಶ್ನೆ: ಕ್ಯಾಮರಾ ಮೆನುವಲ್ಲಿ ಎಸ್‌ಆರ್‌ಜಿಬಿ ಬದಲು ಅಡೋಬಿ ಆರ್‌ಜಿಬಿ ಇಟ್ರೆ ರಾ ಬಣ್ಣ ಸುಧಾರಿಸುತ್ತಾ? (ಚಿಂಚವಾಡ)

ಉತ್ತರ: ಇಲ್ಲ. ಇವೆರಡೂ ಬಣ್ಣದ ವ್ಯಾಪ್ತಿಯ ಹೆಸರು, ಆ ಆಯ್ಕೆ ಜೆಪೆಗ್ಗಿಗೆ ಮಾತ್ರ, ರಾಗೆ ಅದರ ಗೊಡವೆಯೇ ಇಲ್ಲ. ಎಸ್‌ಆರ್‌ಜಿಬಿಯಲ್ಲೇ ಇಟ್ಟು ಮರೆತುಬಿಡಿ, ಕೊನೆಗೆ ವಾಟ್ಸಾಪಿಗೆ ಕಳಿಸೋವಾಗಲೂ ಅದೇ ಬೇಕು.

ಪ್ರಶ್ನೆ: ಹೋದ ತಿಂಗಳು ನೀವು ಲೈಟ್‌ರೂಮ್‌ನಲ್ಲಿ ಪ್ರೊಫೈಲ್ ಬದಲಿಸೋಕೆ "ಕೆಳಗಡೆ ಕ್ಯಾಮರಾ ಕ್ಯಾಲಿಬ್ರೇಷನ್ ಪ್ಯಾನೆಲ್‌ಗೆ ಹೋಗಿ" ಅಂತ ಬರೆದಿದ್ರಿ. ಹೋದೆ. ಅಲ್ಲಿ ಪ್ರೊಫೈಲೂ ಇಲ್ಲ, ಎಂತದೂ ಇಲ್ಲ. ಅರ್ಧ ಭಾನುವಾರ ಹಾಳು. (ಮಾಟುಂಗಾದ ಹಿರಿಯ ಓದುಗರು)

ಉತ್ತರ: ತಪ್ಪಾಯ್ತು ಸರ್, ಬೈದದ್ದು ನ್ಯಾಯವೇ. 2018ರ ಏಪ್ರಿಲ್ಲಿನ ಅಪ್‌ಡೇಟಲ್ಲಿ ಪ್ರೊಫೈಲ್ ಆಯ್ಕೆಯನ್ನ ಎತ್ತಿ ಮೇಲ್ಗಡೆ ಬೇಸಿಕ್ ಪ್ಯಾನೆಲ್ಲಿನ ತಲೆಗೆ ತಂದಿಟ್ರು, ಕೆಳಗಿದ್ದ ಪ್ಯಾನೆಲ್ಲಿನ ಹೆಸರಲ್ಲಿ ಕ್ಯಾಮರಾ ಅನ್ನೋ ಪದವೂ ಹೋಗಿ ಬರೀ ಕ್ಯಾಲಿಬ್ರೇಷನ್ ಉಳೀತು. ನನ್ನ ಕೈಗೆ ಮಾತ್ರ ಇನ್ನೂ ಹಳೇ ದಾರಿಯೇ ಅಭ್ಯಾಸ, ಬರೆಯೋವಾಗಲೂ ಅಲ್ಲಿಗೇ ಹೋಗಿದೆ. ಬೇಸಿಕ್ ಪ್ಯಾನೆಲಲ್ಲಿ ಪ್ರೊಫೈಲ್ ಅಂತ ಬರೆದ ಸಾಲಿನ ಬಲತುದಿಗೆ ನಾಲ್ಕು ಪುಟ್ಟ ಚೌಕ ಕಾಣುತ್ತೆ, ಅದನ್ನ ಒತ್ತಿ, ಎಲ್ಲ ಪ್ರೊಫೈಲೂ ಸಣ್ಣ ಚಿತ್ರದ ಸಮೇತ ತೆರ್ಕೊಳ್ತವೆ. ದುಡ್ಡು ಕೊಟ್ಟು ಒಂದೇ ಸಲ ಕೊಂಡ ಹಳೇ ಲೈಟ್‌ರೂಮ್ 6 ಇನ್ನೂ ಓಡಿಸ್ತಿರೋರು ಯಾರಾದ್ರೂ ಇದ್ರೆ, ಅವರಿಗೆ ಹೋದ ತಿಂಗಳ ಉತ್ತರವೇ ಸರಿ.